ಉತ್ತೇಜನದ ಹಣದಲ್ಲಿ ದವಾಖಾನೆಗೆ ಪಾಲಿದೆಯೇ?

ಯುವಜನ ಅಧ್ಯಯನ ಪುಟ
ಓದಿಕೊಂಡು ಬರಬೇಕಾದ ವಾಕ್ಯಭಾಗಗಳು: ಆದಿಕಾಂಡ 41, ಮಾರ್ಕ 5:25-34, ಲೂಕ 10:25-37



ಫೆಬ್ರವರಿ ತಿಂಗಳಲ್ಲಿ ಎರಡು ದಿನಗಳು ಹತ್ತಿರ ಹತ್ತಿರ ಬರುತ್ತವೆ. 1ನೇ ತಾರೀಖು ದೆಹಲಿಯಲ್ಲಿ ಬಜೆಟ್. 11ನೇ ತಾರೀಖು ಲೂರ್ದು ಮಾತೆಯ ಹಬ್ಬ, ಅಂದೇ ವಿಶ್ವ ರೋಗಿಗಳ ದಿನ. ಸಂತ ಎರಡನೇ ಜಾನ್ ಪಾಲರು 1992ರಲ್ಲಿ ಈ ದಿನವನ್ನು ಗೊತ್ತುಮಾಡಿದರು, 1993ರಿಂದ ಧರ್ಮಸಭೆ ಆಚರಿಸುತ್ತಿದೆ. ಮೊದಲನೆಯ ದಿನ ನಾವು ಟಿವಿ ಮುಂದೆ ಕೂತು ಯಾವುದರ ಬೆಲೆ ಏರಿತು, ಯಾವುದರದು ಇಳಿಯಿತು ಎಂದು ಕೇಳುತ್ತೇವೆ. ಎರಡನೆಯ ದಿನ ಬಲಿಪೂಜೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಎರಡನ್ನೂ ಸೇರಿಸಿ ನೋಡುವ ಅಭ್ಯಾಸ ನಮಗೆ ಕಡಿಮೆ. ಈ ತಿಂಗಳ ಅಧ್ಯಯನದಲ್ಲಿ ಅದನ್ನೇ ಮಾಡೋಣ. ಪ್ರಶ್ನೆ ಇದು: ದೇಶದ ವ್ಯಾಪಾರ-ದುಡಿಮೆ ಕುಸಿದಾಗ ಅದನ್ನು ಎತ್ತಲು ಸರ್ಕಾರ ಹಣ ಸುರಿಯುತ್ತದಲ್ಲ, ಆ ಹಣದಲ್ಲಿ ಜನರ ಆರೋಗ್ಯಕ್ಕೆ ಪಾಲು ಇರಬೇಕೇ? ಅಥವಾ ಅದು ಬೇರೆ ಬಾಬ್ತು, ಬೇರೆ ಪುಸ್ತಕದಲ್ಲಿ ಬರೆಯಬೇಕಾದದ್ದೇ?

ಇಂಥ ಹಣದ ಮಾತು ನಮ್ಮೂರಿನವರೆಗೆ ಜೋರಾಗಿ ಬಂದದ್ದು 2020ರ ಮೇ ತಿಂಗಳಲ್ಲಿ. ತೆಲುಗು ಪತ್ರಿಕೆಗಳು 'ಉದ್ದೀಪನ' ಎಂದವು, ಕನ್ನಡ ಪತ್ರಿಕೆಗಳು 'ಉತ್ತೇಜನ' ಎಂದವು, ಮನೆಯಲ್ಲಿ ಹಿರಿಯರು 'ಪ್ಯಾಕೇಜು' ಎಂದರು. ಅರ್ಥ ಒಂದೇ. ಜನರ ಕೈಯಲ್ಲಿ ದುಡ್ಡಿಲ್ಲದಿದ್ದರೆ ಸಂತೆಯಲ್ಲಿ ಕೊಳ್ಳುವವರಿಲ್ಲ. ಕೊಳ್ಳುವವರಿಲ್ಲದೆ ಅಂಗಡಿ ನಡೆಯುವುದಿಲ್ಲ, ಅಂಗಡಿಯಲ್ಲಿ ದುಡಿಯುವವನಿಗೆ ಸಂಬಳ ಸಿಗುವುದಿಲ್ಲ, ಅವನೂ ಕೊಳ್ಳುವುದನ್ನು ನಿಲ್ಲಿಸುತ್ತಾನೆ. ಈ ಸುತ್ತು ತಾನಾಗಿ ನಿಲ್ಲುವುದಿಲ್ಲ, ಸಾಲ ಮಾಡಿಯಾದರೂ ಸರ್ಕಾರವೇ ಮೊದಲು ಖರ್ಚು ಮಾಡಬೇಕು ಎಂದು ಇಂಗ್ಲೆಂಡಿನ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಪುಸ್ತಕ ಬರೆದು ವಾದಿಸಿದರು. ಅದಕ್ಕೂ ಎಷ್ಟೋ ಮೊದಲು ಈಜಿಪ್ಟಿನಲ್ಲಿ ಜೋಸೆಫನು ಸುಭಿಕ್ಷದ ಏಳು ವರ್ಷ ಬೆಳೆಯ ಐದನೇ ಒಂದು ಪಾಲನ್ನು ಕೂಡಿಟ್ಟು ಬರಗಾಲದಲ್ಲಿ ಹೊರಗೆ ತೆಗೆದ. (ಈಗಿನ ಸರ್ಕಾರಗಳಿಗೆ ಜೋಸೆಫನ ಎರಡನೇ ಏಳು ವರ್ಷ ಮಾತ್ರ ನೆನಪಿದೆ, ಮೊದಲನೇ ಏಳು ವರ್ಷ ಮರೆತಿದೆ ಎಂದು ನಮ್ಮ ಸಭೆಯಲ್ಲಿ ಒಬ್ಬರು ಹೇಳಿದರು. ಎಲ್ಲರೂ ನಕ್ಕೆವು, ಆದರೆ ಮಾತಿನಲ್ಲಿ ಸತ್ಯವಿದೆ.)

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ನಮ್ಮ ಹಳೆಯ ಜಿಲ್ಲೆಗೆ ಹೆಸರು ಕೊಟ್ಟ ಮೆದಕ್‌ನಲ್ಲಿ ದೊಡ್ಡ ಚರ್ಚ್ ಇದೆ, ನಾವೆಲ್ಲ ಒಮ್ಮೆಯಾದರೂ ನೋಡಿದ್ದೇವೆ. ಬರಗಾಲದಲ್ಲಿ ಹಸಿದವರಿಗೆ ಸುಮ್ಮನೆ ಅನ್ನ ಹಾಕುವ ಬದಲು ಕೆಲಸ ಕೊಟ್ಟು ಅನ್ನ ಕೊಡಬೇಕೆಂದು ಪಾದ್ರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಅದನ್ನು ಕಟ್ಟಿಸಿದರು. 1914ರಲ್ಲಿ ಶುರುವಾದ ಕೆಲಸ ಮುಗಿದು 1924ರ ಡಿಸೆಂಬರ್ 25ರಂದು ಬಾಗಿಲು ತೆರೆಯಿತು. ಅದು ನಮ್ಮ ಕಥೋಲಿಕ ಸಭೆಯದಲ್ಲ, ಆದರೂ ಲೆಕ್ಕ ನಮ್ಮೆಲ್ಲರಿಗೂ ಪಾಠ: ಕಷ್ಟಕಾಲದಲ್ಲಿ ಕೊಟ್ಟ ಕೂಲಿ ಅಂದಿನ ಹೊಟ್ಟೆಯನ್ನೂ ತುಂಬಬೇಕು, ಹಿಂದೆ ಒಂದು ಉಳಿಯುವ ವಸ್ತುವನ್ನೂ ಬಿಡಬೇಕು.

ಇನ್ನೊಂದು ಉದಾಹರಣೆ ಹೈದರಾಬಾದಿನದು. 1956ರ ನವೆಂಬರ್ 1ರವರೆಗೆ ನಾರಾಯಣಖೇಡ್ ತಾಲೂಕು ಬೀದರ್ ಜಿಲ್ಲೆಯಲ್ಲಿತ್ತು, ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಆದ್ದರಿಂದ ಇದು ನಮ್ಮದೇ ಹಳೆಯ ರಾಜಧಾನಿಯ ಕಥೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಊರನ್ನೇ ಕೊಚ್ಚಿತು. ಮರುವರ್ಷ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಬೇಕು, ಊರಿಗೆ ಒಳಚರಂಡಿ ಬೇಕು ಎಂದು ಅವರು ಯೋಜನೆ ಕೊಟ್ಟರು. ನಡುವೆ 1911ರಲ್ಲಿ ಪ್ಲೇಗು ಬಂತು, 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಇದನ್ನು ಯಾರೂ ಉತ್ತೇಜನ ಪ್ಯಾಕೇಜ್ ಎಂದು ಕರೆಯಲಿಲ್ಲ, ನಿಜ. ಆದರೆ ಚರಂಡಿ ಎಂಬುದು ಕಟ್ಟಡದ ಕೆಲಸವೋ ಆರೋಗ್ಯದ ಕೆಲಸವೋ ಎಂದು ಆಗ ಜಗಳವೂ ಆಗಲಿಲ್ಲ. ಆ ಗೆರೆ ಕಡತದಲ್ಲಿ ಮಾತ್ರ ಇರುತ್ತದೆ, ಬಸ್ತಿಯಲ್ಲಿ ಇರುವುದಿಲ್ಲ.

ಜಗಳ ಆದದ್ದು ನೂರು ವರ್ಷದ ನಂತರ, ಅಮೆರಿಕದಲ್ಲಿ. 2008ರಲ್ಲಿ ಅಲ್ಲಿಯ ಬ್ಯಾಂಕುಗಳು ಕುಸಿದವು. 2009ರ ಫೆಬ್ರವರಿ 17ರಂದು ಅಧ್ಯಕ್ಷ ಒಬಾಮಾ 78,700 ಕೋಟಿ ಡಾಲರಿನ ಉತ್ತೇಜನ ಕಾಯ್ದೆಗೆ ಸಹಿ ಹಾಕಿದರು. ಅದರ ಮೊದಲ ಕರಡಿನಲ್ಲಿ ಸಾಂಕ್ರಾಮಿಕ ಜ್ವರಕ್ಕೆ ಸಿದ್ಧತೆ ಮಾಡಿಕೊಳ್ಳಲು ಸುಮಾರು 90 ಕೋಟಿ ಡಾಲರ್ ಇತ್ತು. ಒಟ್ಟು ಹಣ ನೂರು ರೂಪಾಯಿ ಎಂದುಕೊಂಡರೆ ಇದು ಹನ್ನೊಂದು ಪೈಸೆ ಅಷ್ಟೆ. ಮೇನ್ ರಾಜ್ಯದ ಸೆನೆಟರ್ ಸೂಸನ್ ಕಾಲಿನ್ಸ್ ಮೊದಲಾದವರು ಇದಕ್ಕೆ ಆಕ್ಷೇಪ ಎತ್ತಿದರು, ಹಣ ಬಿದ್ದುಹೋಯಿತು. ಅವರ ವಾದವನ್ನು ನ್ಯಾಯವಾಗಿ ಹೇಳಬೇಕು. ಜ್ವರಕ್ಕೆ ಸಿದ್ಧತೆ ಬೇಡ ಎಂದು ಅವರು ಹೇಳಲಿಲ್ಲ. ಅದು ಒಳ್ಳೆಯ ಕೆಲಸವೇ, ಆದರೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಇರಬೇಕಾದದ್ದು, ಉದ್ಯೋಗ ಹುಟ್ಟಿಸುವ ಮಸೂದೆಯಲ್ಲಿ ಅದಕ್ಕೇನು ಕೆಲಸ ಎಂದರು. ಇದರ ಹಿಂದೆ ಅರ್ಥಶಾಸ್ತ್ರದ ಒಂದು ಅಳತೆಗೋಲೂ ಇತ್ತು. ಉತ್ತೇಜನದ ಹಣ ತಕ್ಷಣ ತಲುಪಬೇಕು, ಬೇಕಾದವರಿಗೇ ತಲುಪಬೇಕು, ಕೆಲಕಾಲ ಇದ್ದು ನಿಲ್ಲಬೇಕು. ಲಾರೆನ್ಸ್ ಸಮ್ಮರ್ಸ್ ಎಂಬ ಅರ್ಥಶಾಸ್ತ್ರಜ್ಞರು ಈ ಮೂರು ಮಾತುಗಳನ್ನು ಆಗ ಎಲ್ಲರ ಬಾಯಿಗೆ ತಂದಿದ್ದರು.

ಆಮೇಲೆ ಏನಾಯಿತು? ಎರಡೇ ತಿಂಗಳು. ಏಪ್ರಿಲಿನಲ್ಲಿ ಮೆಕ್ಸಿಕೊ, ಅಮೆರಿಕಗಳಲ್ಲಿ ಹಂದಿಜ್ವರ ಕಾಣಿಸಿತು. ಮೇ ತಿಂಗಳಲ್ಲಿ ಅಮೆರಿಕದಿಂದ ವಿಮಾನದಲ್ಲಿ ಬಂದ ಒಬ್ಬ ಯುವಪ್ರಯಾಣಿಕರಲ್ಲಿ ಭಾರತದ ಮೊದಲ ಪ್ರಕರಣ ದೃಢವಾಯಿತು. ಅದು ಬೇರೆಲ್ಲೂ ಅಲ್ಲ, ನಮ್ಮ ಹೈದರಾಬಾದಿನಲ್ಲಿ. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಸಾಂಕ್ರಾಮಿಕ ಎಂದು ಸಾರಿತು. ಅದೇ ಜೂನಿನಲ್ಲಿ ಅಮೆರಿಕದ ಸಂಸತ್ತು ಗಾಬರಿಯಿಂದ 765 ಕೋಟಿ ಡಾಲರ್ ಮಂಜೂರು ಮಾಡಿತು. ಮೊದಲು ಬೇಡವೆಂದು ತೆಗೆದದ್ದಕ್ಕಿಂತ ಎಂಟು ಪಟ್ಟಿಗೂ ಹೆಚ್ಚು. ಆ 90 ಕೋಟಿ ಉಳಿದಿದ್ದರೆ ಜ್ವರ ಬರುತ್ತಲೇ ಇರಲಿಲ್ಲ ಎಂದು ಹೇಳುವುದು ತಪ್ಪು, ಎರಡು ತಿಂಗಳಲ್ಲಿ ಯಾರಿಗೂ ಅಷ್ಟು ಸಾಧ್ಯವಿಲ್ಲ. ನಮಗೆ ಕಾಣುವುದು ಬೇರೆ. 'ಇದು ವಾರ್ಷಿಕ ಬಜೆಟ್ಟಿನಲ್ಲಿ ಇರಬೇಕಾದದ್ದು' ಎಂದವರು ಅದನ್ನು ವಾರ್ಷಿಕ ಬಜೆಟ್ಟಿನಲ್ಲಿ ಮೊದಲೇ ಇಟ್ಟಿದ್ದರೆ ಅವರ ವಾದಕ್ಕೆ ತೂಕ ಬರುತ್ತಿತ್ತು. ಎರಡು ಬಾಗಿಲುಗಳಲ್ಲೂ 'ಪಕ್ಕದ ಬಾಗಿಲಿಗೆ ಹೋಗಿ' ಎಂದರೆ ಬಡವನು ಹೊರಗೇ ನಿಲ್ಲುತ್ತಾನೆ.

ಈಗ ನಮ್ಮ ದೇಶದ ಲೆಕ್ಕಕ್ಕೆ ಬರೋಣ. 2020ರ ಮೇ ತಿಂಗಳ ಆತ್ಮನಿರ್ಭರ ಪ್ಯಾಕೇಜಿನ ಒಟ್ಟು ಮೊತ್ತವನ್ನು ಹಣಕಾಸು ಸಚಿವರು 20,97,053 ಕೋಟಿ ರೂಪಾಯಿ ಎಂದು ತೋರಿಸಿದರು. ಅದರಲ್ಲಿ ಆರೋಗ್ಯದ ಹೆಸರಿನಲ್ಲಿ ನೇರವಾಗಿ ಬರೆದ ಸಾಲು ಒಂದು: ಮಾರ್ಚಿನಲ್ಲಿ ಪ್ರಧಾನಿ ಘೋಷಿಸಿದ್ದ 15,000 ಕೋಟಿ. ಭಾಗಿಸಿ ನೋಡಿ. ನೂರು ರೂಪಾಯಿಗೆ ಮುಕ್ಕಾಲು ರೂಪಾಯಿಯೂ ಇಲ್ಲ. ಅದೂ ಒಂದು ಮಹಾಮಾರಿಯಿಂದಲೇ ಹುಟ್ಟಿದ ಕುಸಿತಕ್ಕೆ ಕೊಟ್ಟ ಮದ್ದಿನಲ್ಲಿ! ಉದ್ಯೋಗ ಖಾತ್ರಿಗೆ ಹೆಚ್ಚುವರಿಯಾಗಿ 40,000 ಕೋಟಿ ಕೊಟ್ಟದ್ದು ಒಳ್ಳೆಯದಾಯಿತು. ಹೈದರಾಬಾದಿನಿಂದ, ಪುಣೆಯಿಂದ ವಾಪಸು ಬಂದವರಿಗೆ 'ಉಪಾಧಿ' ಕೆಲಸವೇ ಆಧಾರವಾಯಿತು. ಆ ಕೆಲಸದ ಪಟ್ಟಿಯಲ್ಲಿ ಇಂಗುಗುಂಡಿ, ಶೌಚಾಲಯಗಳೂ ಇದ್ದವು ಎಂಬುದನ್ನು ಇಲ್ಲಿ ನೆನಪಿಡಿ. ಹೆಸರು ಉದ್ಯೋಗದ್ದಾದರೂ ಅದು ಆರೋಗ್ಯದ ಖರ್ಚೇ.

ಎರಡನೇ ಅಲೆಯ ನಂತರ, 2021ರ ಜೂನ್ 28ರಂದು ಬಂದ ಇನ್ನೊಂದು ಪ್ಯಾಕೇಜಿನಲ್ಲಿ ಆರೋಗ್ಯಕ್ಕೆ ಹೆಚ್ಚು ಜಾಗ ಸಿಕ್ಕಿತು. ಮಕ್ಕಳ ಚಿಕಿತ್ಸೆಗೆ ಒತ್ತು ಕೊಟ್ಟು 23,220 ಕೋಟಿ. ಆಸ್ಪತ್ರೆ ಕಟ್ಟುವವರಿಗೆ, ವಿಸ್ತರಿಸುವವರಿಗೆ 50,000 ಕೋಟಿಯ ಸಾಲಕ್ಕೆ ಸರ್ಕಾರದ ಜಾಮೀನು. ಇವೆರಡೂ ಒಂದೇ ತೂಕದವಲ್ಲ. ಜಾಮೀನು ಎಂದರೆ ಖರ್ಚಲ್ಲ. ಸಾಲ ತೆಗೆದುಕೊಳ್ಳುವ ತಾಕತ್ತು ಇದ್ದವರಿಗೆ ಅದು ಅನುಕೂಲ, ಅವರು ಕಟ್ಟುವ ಆಸ್ಪತ್ರೆ ಎದ್ದು ನಿಲ್ಲಲು ವರ್ಷಗಳು ಬೇಕು, ನಿಂತ ಮೇಲೂ ಅದು ತಾಂಡಾದ ಹತ್ತಿರ ಬರುವುದಿಲ್ಲ. ಸಮ್ಮರ್ಸ್ ಅವರ ಅಳತೆಗೋಲು ಹಿಡಿದರೆ ಇದು 'ತಕ್ಷಣ'ವೂ ಅಲ್ಲ, 'ಬೇಕಾದವರಿಗೇ' ಎನ್ನುವಂತೆಯೂ ಇಲ್ಲ.

ಹಾಗಾದರೆ ಅದೇ ಅಳತೆಗೋಲಿನಲ್ಲಿ ಗೆಲ್ಲುವ ಆರೋಗ್ಯ ಖರ್ಚು ಯಾವುದು? ನಮ್ಮ ಉತ್ತರ: ಕೈಗಳಿಗೆ ಕೊಡುವ ಸಂಬಳ. ಆಶಾ, ಎಎನ್‌ಎಂ, ನರ್ಸಮ್ಮ, ಲ್ಯಾಬಿನ ಹುಡುಗ, ಆಂಬುಲೆನ್ಸ್ ಡ್ರೈವರ್, ಚರಂಡಿ ತೆಗೆಯುವವರು. ಇವರ ಖಾತೆಗೆ ಹಣ ಹಾಕಲು ಟೆಂಡರ್ ಬೇಡ, ನಕ್ಷೆ ಬೇಡ, ಭೂಮಿಪೂಜೆ ಬೇಡ. ತಿಂಗಳ ಕೊನೆಗೆ ಬಂದ ದುಡ್ಡು ಮರುದಿನ ಕಿರಾಣಿ ಅಂಗಡಿಗೆ, ಮಕ್ಕಳ ಫೀಸಿಗೆ ಹೋಗುತ್ತದೆ. ಆಶಾ ಕಾರ್ಯಕರ್ತೆ ಹೆಚ್ಚಾಗಿ ಅದೇ ಹಳ್ಳಿಯ ಸೊಸೆ, ದುಡ್ಡು ಅದೇ ಹಳ್ಳಿಯಲ್ಲಿ ತಿರುಗುತ್ತದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಹುಟ್ಟಿದ ಈ ವ್ಯವಸ್ಥೆಯಲ್ಲಿ ಸಾವಿರ ಜನಕ್ಕೆ ಒಬ್ಬರಂತೆ ದೇಶದಲ್ಲಿ ಸುಮಾರು ಹತ್ತು ಲಕ್ಷ ಮಹಿಳೆಯರು ಇದ್ದಾರೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. ಆದರೂ ಕಾಗದದಲ್ಲಿ ಅವರು ಇನ್ನೂ 'ಸ್ವಯಂಸೇವಕಿ'ಯರೇ, ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ. ಸೇವೆ ಎಂಬ ಪವಿತ್ರ ಪದವನ್ನು ಕಡಿಮೆ ಕೂಲಿಗೆ ನೆಪವಾಗಿ ಬಳಸುವುದು ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ. ನಮ್ಮ ಸಂಸ್ಥೆಗಳೂ ಇದನ್ನು ಯೋಚಿಸಬೇಕು.

ಖರ್ಚಿನ ಇನ್ನೊಂದು ಮುಖ ಮನೆಯ ಒಳಗಿನದು. ನಮ್ಮ ಕಡೆಯ ಒಂದು ಮನೆ ಎಂದುಕೊಳ್ಳಿ. ಗಂಡ ಹೆಂಡತಿ ಕಬ್ಬು ಕಡಿಯಲು ಹೋಗಲು ಮುಕದ್ದಮನಿಂದ ಮುಂಗಡ ತೆಗೆದುಕೊಂಡಿದ್ದಾರೆ. ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂತು. ಮೊದಲು ಊರಿನ ಆರ್‌ಎಂಪಿ, ಎರಡು ದಿನ ಸೂಜಿ. ಇಳಿಯಲಿಲ್ಲ. ನಾರಾಯಣಖೇಡ್, ಅಲ್ಲಿಂದ ಬೀದರ್ ಅಥವಾ ಸಂಗಾರೆಡ್ಡಿ, ರಕ್ತಪರೀಕ್ಷೆ, ಜೀಪಿನ ಬಾಡಿಗೆ, ಹೊರಗಿನ ಊಟ. ಮುಂಗಡ ಕರಗಿತು, ಒಂದು ಎತ್ತು ಹೋಯಿತು. ದೇಶದ ಲೆಕ್ಕದಲ್ಲಿ ಇದೂ ಖರ್ಚೇ, ಉತ್ಪನ್ನ ಹೆಚ್ಚಿತು ಎಂದೇ ಬರೆಯುತ್ತಾರೆ! ಆ ಮನೆಯ ಲೆಕ್ಕದಲ್ಲಿ ಮುಂದಿನ ವರ್ಷದ ದುಡಿಮೆಯೇ ಮಾರಾಟವಾಯಿತು. ರೋಗ ಬಾರದ ಮನೆಯೂ ಇದನ್ನು ನೋಡಿ ಹೆದರುತ್ತದೆ, ಕೈಗೆ ಬಂದ ನೂರು ರೂಪಾಯಿಯಲ್ಲಿ ಐವತ್ತನ್ನು ಡಬ್ಬಿಯಲ್ಲಿ ಮುಚ್ಚಿಡುತ್ತದೆ. 2020ರಲ್ಲಿ ಮಹಿಳೆಯರ ಜನಧನ ಖಾತೆಗೆ ಮೂರು ತಿಂಗಳು 500 ರೂಪಾಯಿ ಬಂತು. ದವಾಖಾನೆಯ ಭಯ ಇರುವವರೆಗೆ ಅಂಥ ದುಡ್ಡು ಧೈರ್ಯವಾಗಿ ಸಂತೆಗೆ ಇಳಿಯುವುದಿಲ್ಲ. ಉತ್ತೇಜನ ಬೇಕೆನ್ನುವವರು ಈ ಡಬ್ಬಿಯನ್ನು ಮರೆಯಬಾರದು.

ಮಾರ್ಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆ ಬರುತ್ತಾಳೆ. ನಾವು ಅವಳ ವಿಶ್ವಾಸದ ಬಗ್ಗೆ ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಅದೇ ವಾಕ್ಯಭಾಗದಲ್ಲಿ ಇನ್ನೊಂದು ವಿವರ ಇದೆ: ಅವಳು ಅನೇಕ ವೈದ್ಯರ ಬಳಿ ಹೋಗಿ, ಇದ್ದದ್ದೆಲ್ಲ ಖರ್ಚು ಮಾಡಿ, ಇನ್ನೂ ಹದಗೆಟ್ಟಿದ್ದಳು. ಮಾರ್ಕ ಇದನ್ನು ಬರೆಯದೆ ಬಿಡಬಹುದಿತ್ತು, ಬಿಡಲಿಲ್ಲ. ಭಾರತದಲ್ಲಿ ಚಿಕಿತ್ಸೆಯ ಪ್ರತಿ ನೂರು ರೂಪಾಯಿಯಲ್ಲಿ ಮನೆಯವರು ಸ್ವಂತ ಕೈಯಿಂದ ಕೊಟ್ಟದ್ದು 2014-15ರಲ್ಲಿ 62 ರೂಪಾಯಿ 60 ಪೈಸೆ, 2021-22ರಲ್ಲಿ 39 ರೂಪಾಯಿ 40 ಪೈಸೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕ ಹೇಳುತ್ತದೆ. ಇಳಿದಿದೆ, ದೇವರಿಗೆ ಸ್ತೋತ್ರ. ಅದೇ ಅವಧಿಯಲ್ಲಿ ಸರ್ಕಾರದ ಆರೋಗ್ಯ ವೆಚ್ಚ ದೇಶದ ಉತ್ಪನ್ನದ ಶೇ. 1.13ರಿಂದ ಶೇ. 1.84ಕ್ಕೆ ಏರಿದೆ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಶೇ. 2.5 ಮುಟ್ಟಬೇಕು ಎಂದು ಗುರಿ ಇಟ್ಟಿತ್ತು. ನಮ್ಮ ಆರೋಗ್ಯಶ್ರೀ 2007ರಿಂದ ಇದೆ, 2023ರ ಡಿಸೆಂಬರಿನಲ್ಲಿ ಅದರ ಮಿತಿ ಹತ್ತು ಲಕ್ಷಕ್ಕೆ ಏರಿತು. ದೊಡ್ಡ ಆಪರೇಷನ್ ಬಂದಾಗ ಅದು ಜೀವ ಉಳಿಸುತ್ತದೆ. ಆದರೆ ಬಿಪಿ ಮಾತ್ರೆ, ಜ್ವರದ ಸೂಜಿ, ಜೀಪಿನ ಬಾಡಿಗೆ ಅದರಲ್ಲಿ ಬರುವುದಿಲ್ಲ, ಎತ್ತು ಮಾರಿಸುವುದು ಹೆಚ್ಚಾಗಿ ಇವೇ.

ಇಷ್ಟು ಓದಿದ ಮೇಲೆ 'ಹಾಗಾದರೆ ಸೇರಿಸಿಬಿಡಲಿ' ಎನ್ನಿಸುತ್ತದೆ. ಆದರೆ ಕಾಲಿನ್ಸ್ ಅವರ ಆಕ್ಷೇಪದಲ್ಲಿ ಒಂದು ಮುಳ್ಳು ಉಳಿದಿದೆ, ಅದನ್ನು ತೆಗೆಯದೆ ಮುಂದೆ ಹೋಗಬಾರದು. ಉತ್ತೇಜನ ಕೆಲಕಾಲದ್ದು. ಹೆರಿಗೆ, ಜ್ವರ, ಸಕ್ಕರೆ ಕಾಯಿಲೆ ಕೆಲಕಾಲದವಲ್ಲ. ರಸ್ತೆ ಹಾಕಿ ಗುತ್ತಿಗೆದಾರ ಹೋಗಬಹುದು, ನರ್ಸಮ್ಮ ಹೋದರೆ ಉಪಕೇಂದ್ರಕ್ಕೆ ಬೀಗ. ಇದು ಬರೀ ಊಹೆಯಲ್ಲ. ಕೋವಿಡ್ ಕಾಲದಲ್ಲಿ ಹಲವು ರಾಜ್ಯಗಳು ನರ್ಸುಗಳನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡವು. ಚಪ್ಪಾಳೆ ತಟ್ಟಿದೆವು, ದೀಪ ಹಚ್ಚಿದೆವು. ಅಲೆ ಇಳಿದ ಮೇಲೆ ಕಾಗದ ಬಂತು. ತಮಿಳುನಾಡಿನಲ್ಲಿ 2022ರ ಡಿಸೆಂಬರ್ 31ಕ್ಕೆ ಎರಡು ಸಾವಿರಕ್ಕೂ ಹೆಚ್ಚು ನರ್ಸುಗಳ ಗುತ್ತಿಗೆ ಒಮ್ಮೆಗೇ ಮುಗಿಯಿತು, ಅವರು ಬೀದಿಯಲ್ಲಿ ಕೂತು ಪ್ರತಿಭಟಿಸಿದರು. ರೋಗಿಗಳ ಸಾಲು ಮಾತ್ರ ಡಿಸೆಂಬರ್ 31ಕ್ಕೆ ಮುಗಿದಿರಲಿಲ್ಲ.

ಈ ಮುಳ್ಳಿಗೆ ನಮಗೆ ದಾರಿ ತೋರಿದ್ದು ಒಳ್ಳೆಯ ಸಮಾರಿಯದವನ ಸಾಮತಿ. ಅವನ ಖರ್ಚನ್ನು ನಿಧಾನವಾಗಿ ಓದಿ. ಮೊದಲು ಎಣ್ಣೆ, ದ್ರಾಕ್ಷಾರಸ, ಬಟ್ಟೆ, ವಾಹನ. ಅದು ತುರ್ತು ಚಿಕಿತ್ಸೆ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ. ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯಲ್ಲಿ ಒಂದು ನಾಣ್ಯ ಒಂದು ದಿನದ ಕೂಲಿ, ಅಂದರೆ ಇದು ಎರಡು ದಿನದ ಕೂಲಿ. ಗಾಯಾಳುವಿನ ಆರೈಕೆಯೂ ಆಯಿತು, ಛತ್ರದವನ ವ್ಯಾಪಾರವೂ ನಡೆಯಿತು. ಜೆರಿಕೋ ದಾರಿಯಲ್ಲಿ ಒಂದು ಸಣ್ಣ ಉತ್ತೇಜನ ಎನ್ನಬಹುದು! ಆದರೆ ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಇನ್ನೂ ಖರ್ಚಾದರೆ ಮರಳಿ ಬರುವಾಗ ತಾನೇ ತೀರಿಸುವುದಾಗಿ ಮಾತು ಕೊಟ್ಟ. ಎರಡು ನಾಣ್ಯ ಉತ್ತೇಜನ ಪ್ಯಾಕೇಜ್, ಕೊಟ್ಟ ಮಾತು ವಾರ್ಷಿಕ ಬಜೆಟ್. ಛತ್ರದವನು ಗಾಯಾಳುವನ್ನು ಮೂರನೇ ದಿನ ಹೊರಗೆ ಹಾಕದಂತೆ ಹಿಡಿದಿಟ್ಟದ್ದು ಆ ಮಾತು.

ಆದ್ದರಿಂದ ನಮ್ಮ ಬಳಗ ಒಪ್ಪಿಕೊಂಡ ನಿಲುವು ಇಷ್ಟು. ಉತ್ತೇಜನದ ಹಣದಲ್ಲಿ ಆರೋಗ್ಯಕ್ಕೆ ಪಾಲು ಇರಲೇಬೇಕು, ಅದರಲ್ಲಿ ಕಟ್ಟಡಕ್ಕಿಂತ, ಜಾಮೀನಿಗಿಂತ ಮೊದಲು ಕೆಲಸಗಾರರ ಸಂಬಳ, ಔಷಧಿ, ಕುಡಿಯುವ ನೀರು, ಚರಂಡಿ. ಹುದ್ದೆ ಸೃಷ್ಟಿಸುವ ದಿನವೇ, ಎಷ್ಟನೇ ವರ್ಷದಿಂದ ಅದು ರಾಜ್ಯದ ಸಾಮಾನ್ಯ ಬಜೆಟ್ಟಿಗೆ ಸೇರುತ್ತದೆ ಎಂಬ ಮಾತೂ ಬರಹದಲ್ಲಿ ಇರಬೇಕು. ಇದು ನಮ್ಮ ರಾಜಕೀಯವಲ್ಲ, ಧರ್ಮಸಭೆಯ ಹಳೆಯ ಬೋಧನೆ. ಸಂತ ಇಪ್ಪತ್ತಮೂರನೇ ಜಾನ್ 1963ರ ಏಪ್ರಿಲ್ 11ರ ತಮ್ಮ ಪರಿಪತ್ರದಲ್ಲಿ ವೈದ್ಯಕೀಯ ಆರೈಕೆಯನ್ನು ಮನುಷ್ಯನ ಹಕ್ಕುಗಳ ಸಾಲಿನಲ್ಲಿ ಇಟ್ಟರು. ಕಥೋಲಿಕ ಧರ್ಮೋಪದೇಶದ 2288ನೇ ಸಂಖ್ಯೆಯನ್ನು ತೆಗೆದು ನೋಡಿ: ಸಮಾಜ ಜನರಿಗೆ ಒದಗಿಸಲು ನೆರವಾಗಬೇಕಾದವುಗಳನ್ನು ಹೆಸರಿಸುವಾಗ ಆರೋಗ್ಯಸೇವೆ ಮತ್ತು ಉದ್ಯೋಗ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ.

ಎಲ್ಲರೂ ಒಪ್ಪಿದ್ದಾರೆ ಎಂದೇನಿಲ್ಲ. ಸಾಲದ ಹಣದಲ್ಲಿ ಕಾಯಂ ಹುದ್ದೆ ಮಾಡಿದರೆ ನಾಳೆ ತೀರಿಸುವವರು ನಮ್ಮ ಮಕ್ಕಳೇ ಎಂದು ನಮ್ಮಲ್ಲಿ ಇಬ್ಬರು ಕೊನೆಯವರೆಗೂ ವಾದಿಸಿದರು. ಅವರ ಮಾತನ್ನು ಮುಂದಿನ ಸಭೆಯಲ್ಲಿ ಪೂರ್ತಿ ಕೇಳುತ್ತೇವೆ.

ಅಷ್ಟರಲ್ಲಿ ಮನೆಗೆಲಸ. ಪ್ರತಿ ಮನೆಯವರೂ ಒಂದು ಹಾಳೆ ತೆಗೆದುಕೊಂಡು ಕಳೆದ ಒಂದು ವರ್ಷದಲ್ಲಿ ಕಾಯಿಲೆಗೆ ಆದ ಖರ್ಚನ್ನು ಬರೆಯಿರಿ: ಡಾಕ್ಟರ ಫೀಸು, ಔಷಧಿ, ಪರೀಕ್ಷೆ, ಬಸ್ಸು-ಜೀಪು, ಜೊತೆಗೆ ಹೋದವರ ತಪ್ಪಿದ ಕೂಲಿ. ಅದಕ್ಕೆ ಸಾಲ ಮಾಡಿದ್ದರೆ ಬಡ್ಡಿ ಎಷ್ಟು ಎಂದೂ ಬರೆಯಿರಿ. ಹೆಸರು ಬರೆಯಬೇಡಿ, ತೆಲುಗಿನಲ್ಲಿ ಬರೆದರೂ ನಡೆಯುತ್ತದೆ. 11ನೇ ತಾರೀಖಿನ ಬಲಿಪೂಜೆಯ ನಂತರ ಹೊರಗಿನ ಪೆಟ್ಟಿಗೆಯಲ್ಲಿ ಹಾಕಿ. ಬಯಲುಸೀಮೆಯಲ್ಲಿ 5,000 ಜನಕ್ಕೆ, ತಾಂಡಾಗಳಂಥ ಕಡೆ 3,000 ಜನಕ್ಕೆ ಒಂದು ಉಪಕೇಂದ್ರ ಇರಬೇಕು ಎಂಬುದು ನಿಯಮ. ನಿಮ್ಮ ಊರಿನದು ಎಲ್ಲಿದೆ, ವಾರದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂಬುದನ್ನು ನೋಡಿ ಬಂದು ಅದೇ ಹಾಳೆಯ ಹಿಂದೆ ಬರೆಯಿರಿ. ಎಲ್ಲವನ್ನೂ ಕೂಡಿಸಿ ಬಂದ ಮೊತ್ತವನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.